ಬೋರಲು ತಟ್ಟೆ

ನೂರ ಎಂಬತ್ತೊಂದನೇ ಪುಟದ ಕೊನೆಯ ಸಾಲುಗಳಿಗೆ ಬಂದಾಗ ಮಾ ಯಿನ್ ನ್ವೆಯ ಕೆಂಪು ಪೆನ್ನು ನಿಂತುಹೋಯಿತು. ಸಾಲಿನ ಕೆಳಗೆ ಒತ್ತಿ ಹಿಡಿದ ಮರದ ರೂಲು ಮಾತ್ರ ಹಾಗೇ ಇತ್ತು. ಹದಿನಾಲ್ಕು ವರ್ಷದಿಂದ ರಂಗೂನಿನ ಈ ಕಚೇರಿಯಲ್ಲಿ ಅವಳ ಕೆಲಸ ಇದೇ: ಅಚ್ಚಿಗೆ ಹೋಗುವ ಪುಸ್ತಕಗಳನ್ನು ಮೊದಲು ಓದುವುದು, ಸರ್ಕಾರಕ್ಕೆ ಬೇಡವಾದ ಸಾಲುಗಳ ಮೇಲೆ ಗೀಟೆಳೆಯುವುದು, ಕೊನೆಗೆ ಸಹಿ ಹಾಕುವುದು.

ಇದು ಇನ್ನೂ ಬಾರದ ಕಾಲದ ಒಂದು ನಗರದ ಕಾದಂಬರಿ. ಅಲ್ಲಿ ಪಗೋಡಗಳಿಲ್ಲ, ಭಿಕ್ಷುಗಳಿಲ್ಲ, ಬುದ್ಧನ ಹೆಸರು ಯಾರ ಬಾಯಲ್ಲೂ ಇಲ್ಲ. ಬೆಳಿಗ್ಗೆ ಸೈರನ್ ಕೂಗಿದರೆ ಜನ ಬರಿಗಾಲಲ್ಲಿ, ತಲೆ ತಗ್ಗಿಸಿ, ಸದ್ದಿಲ್ಲದೆ ಸಾಲಾಗಿ ನಡೆದು ಹೋಗಿ ಸರ್ಕಾರದ ಗಂಜಿಮನೆಯ ಮುಂದೆ ತಗಡಿನ ತಟ್ಟೆ ಒಡ್ಡುತ್ತಾರೆ. ನೂರ ಎಂಬತ್ತು ಪುಟದವರೆಗೂ ಅವಳು ಅದನ್ನು ಬರೀ ಹಸಿದವರ ಸಾಲು ಎಂದುಕೊಂಡಿದ್ದಳು. ಕೊನೆಯ ಪುಟದಲ್ಲಿ ಒಬ್ಬ ಮುದುಕ, ತನ್ನ ಸರದಿ ಬಂದಾಗ, ತಟ್ಟೆಯನ್ನು ಕಟ್ಟೆಯ ಮೇಲೆ ಬೋರಲಾಗಿಟ್ಟು ಬರಿಗೈಯಲ್ಲಿ ಹೊರಟುಹೋಗುತ್ತಾನೆ.

ಅವಳು ಆ ಸಾಲನ್ನು ಮತ್ತೊಮ್ಮೆ ಓದಿದಳು. ಎರಡು ವರ್ಷದ ಹಿಂದೆ ಮಾಂಡಲೆಯ ಭಿಕ್ಷುಗಳು ಆಳುವ ಸೈನಿಕರ ಮನೆಯ ಅನ್ನ ಬೇಡವೆಂದು ಭಿಕ್ಷಾಪಾತ್ರೆ ಬೋರಲು ಹಾಕಿದ್ದನ್ನು ಈ ದೇಶದಲ್ಲಿ ಮರೆತವರಿಲ್ಲ. ಕೊಡುವವನಿಗೆ ಅದಕ್ಕಿಂತ ದೊಡ್ಡ ಶಾಪವಿಲ್ಲ. ಅವನ ಪುಣ್ಯದ ಬಾಗಿಲೇ ಮುಚ್ಚಿದಂತೆ. ಅವಳ ಮೇಜಿನ ಗಾಜಿನಡಿಯ ಪಟ್ಟಿಯಲ್ಲಿ 'ಬೋರಲು ಪಾತ್ರೆ' ಎಂಬುದು ನಿಷೇಧಿತ ಮಾತು. ತಟ್ಟೆಯ ಸುದ್ದಿ ಪಟ್ಟಿಯಲ್ಲಿರಲಿಲ್ಲ.

ಮುದುಕನ ಹಿಂದೆ ಒಬ್ಬಳು ಹೆಂಗಸು ನಿಂತಿದ್ದಾಳೆ. ನಲವತ್ತು ದಾಟಿದವಳು, ನಡುಬೆರಳಿಗೆ ಅಳಿಸದ ಕೆಂಪು ಕಲೆ. ಕಾದಂಬರಿ ಮುಗಿಯುವುದು ಅವಳೊಂದಿಗೇ: 'ಅವಳ ತಟ್ಟೆ ಇನ್ನೂ ಅವಳ ಕೈಯಲ್ಲೇ ಇತ್ತು.'

ಮಾ ಯಿನ್ ತನ್ನ ನಡುಬೆರಳನ್ನು ನೋಡಿಕೊಂಡಳು. ಇಂದು ಬೆಳಿಗ್ಗೆಯೂ ಸೋಪು ಹಾಕಿ ಉಜ್ಜಿದ್ದಳು.

ಅವಳು ಎದ್ದು ಪಡಸಾಲೆಗೆ ಬಂದಳು. ಅಲ್ಲಿನ ಬೆಂಚಿನ ಮೇಲೆ ಕಾದಂಬರಿ ಬರೆದ ಕೋ ನ್ಯಾನ್ ಸೇನ್ ಕೂತಿದ್ದ. ಐವತ್ತರ ಹತ್ತಿರದವನು, ಒಂಟಿ, ಹಿಂದೆ ಶಾಲೆಯಲ್ಲಿ ಪಾಠ ಹೇಳಿದವನು. ಆರು ವರ್ಷದಿಂದ ಪ್ರತಿ ಬುಧವಾರ ತನ್ನ ಬರಹ ಯಾವ ಸ್ಥಿತಿಯಲ್ಲಿದೆ ಎಂದು ಕೇಳಲು ಬರುತ್ತಾನೆ. ಬರುವಾಗ ಉಪ್ಪು ಹಾಕಿ ಹದಮಾಡಿದ ಚಹಾ ಎಲೆಯ ಪೊಟ್ಟಣವೊಂದನ್ನು ತರುತ್ತಾನೆ. ಬರಹಗಾರರಿಂದ ಏನನ್ನೂ ತೆಗೆದುಕೊಳ್ಳಬಾರದೆಂಬುದು ಕಚೇರಿಯ ನಿಯಮ. ಪ್ರತಿ ಬುಧವಾರ ಆ ಪೊಟ್ಟಣ ಬಂದ ಹಾಗೇ ಹಿಂದಕ್ಕೆ ಹೋಗುತ್ತದೆ.

"ಏನ್ ಮಾ ಯಿನ್, ಮುಖ ಯಾಕೆ ಹೀಗಾಗಿದೆ? ಕಥೆ ಅಷ್ಟು ಕೆಟ್ಟದಾಗಿದೆಯಾ?"

"ನಗಬೇಡಿ ಮೇಷ್ಟ್ರೇ. ಕೊನೇ ಪುಟ ಓದಿದೆ."

ಅವನ ನಗು ಅರ್ಧಕ್ಕೇ ನಿಂತಿತು. "ಓ," ಎಂದ.

"ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡ್ರಾ?"

"ಎಲ್ಲರಿಗೂ ಗೊತ್ತಾಗಲಿ ಅಂತಾನೇ ಬರೆದದ್ದು. ನಿಮ್ಮ ಸಾಹೇಬರೊಬ್ಬರನ್ನ ಬಿಟ್ಟು."

"ಅವರಿಗೂ ಒಂದಿನ ಯಾರಾದ್ರೂ ಹೇಳ್ತಾರೆ. ಆವತ್ತು ನಿಮ್ಮನ್ನ ಕರ್ಕೊಂಡು ಹೋಗ್ತಾರೆ. ಏಳು ವರ್ಷನೋ ಹತ್ತು ವರ್ಷನೋ."

"ನಂದು ನಾನು ಲೆಕ್ಕ ಹಾಕಿಬಿಟ್ಟಿದ್ದೀನಿ. ನಿಮ್ಮ ಸಹಿ ಒಂದು ಇರುತ್ತಲ್ಲ, ಅದು ಮಾತ್ರ ಲೆಕ್ಕಕ್ಕೆ ಸಿಕ್ಕಲಿಲ್ಲ." ಅವನು ದನಿ ತಗ್ಗಿಸಿದ. "ಬೇಕಿದ್ರೆ ಈಗಲೇ ಬದಲಾಯಿಸ್ತೀನಿ. ಮುದುಕ ತಟ್ಟೆ ತೊಳ್ಕೊಂಡು ಮನೆಗೆ ಹೋಗಿ ಮಲ್ಕೊಂಡ ಅಂತ. ಮುಂದಿನ ಬುಧವಾರ ಮತ್ತೆ ಬರ್ತೀನಿ, ಅದರ ಮುಂದಿನದಕ್ಕೂ ಬರ್ತೀನಿ. ಹೇಳಿ."

ಅವಳು ಬುಧವಾರಗಳಿಲ್ಲದ ವಾರ ಹೇಗಿದ್ದೀತು ಎಂದು ಒಂದು ಕ್ಷಣ ಕಲ್ಪಿಸಿಕೊಂಡಳು. ಬೆಂಚು ಇರುತ್ತದೆ, ಅಷ್ಟೇ.

"ಆ ಹೆಂಗಸಿನ ಬೆರಳಿಗೆ ಕಲೆ ಯಾಕೆ ಹಾಕಿದ್ರಿ?"

"ನನ್ನ ಪುಸ್ತಕಗಳನ್ನ ಪೂರ್ತಿ ಓದಿದವಳು ಈ ದೇಶದಲ್ಲಿ ಅವಳೊಬ್ಬಳೇ. ಮಿಕ್ಕವರಿಗೆಲ್ಲ ಗೀಟು ಹೊಡೆದು ಉಳಿದದ್ದು ಸಿಕ್ಕಿದ್ದು." ಅವನು ಕಣ್ಣು ಕಿರಿದು ಮಾಡಿ ನಕ್ಕ. "ಹೊಡೆದ ಸಾಲೆಲ್ಲ ಎಲ್ಲಿಗೆ ಹೋಗುತ್ತೆ ಮಾ ಯಿನ್? ಕಸದ ಬುಟ್ಟಿಗಾ?"

ಅವಳು ಪಡಸಾಲೆಯ ಎರಡೂ ಕಡೆ ನೋಡಿದಳು. ಟೈಪ್‌ರೈಟರಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಆಮೇಲೆ, ಯಾರಿಗೋ ವಿಳಾಸ ಹೇಳುವ ದನಿಯಲ್ಲಿ, ಹೇಳಿದಳು:

"'ಅವಳು ನಕ್ಕಾಗ ಪಹರೆಯವನೂ ಗಡಿಯಾರ ನೋಡುವುದನ್ನು ಮರೆತ.'"

ಕೋ ನ್ಯಾನ್ ಸೇನನ ಕೈಯಲ್ಲಿದ್ದ ಪೊಟ್ಟಣ ತೊಡೆಯ ಮೇಲೆ ಇಳಿಯಿತು. "ಐದು ವರ್ಷದ ಹಿಂದಿಂದು. ಅದನ್ನ ಯಾಕೆ ಹೊಡೆದ್ರೋ ನನಗೆ ಇವತ್ತಿಗೂ ಅರ್ಥ ಆಗಿಲ್ಲ. ಅದರಲ್ಲಿ ರಾಜಕೀಯ ಎಲ್ಲಿತ್ತು?"

"ಇರಲಿಲ್ಲ."

"ಮತ್ತೆ?"

"ಬೇರೆಯವರು ಓದೋದು ಬೇಡ ಅನಿಸ್ತು."

ಅವನು ಅವಳನ್ನೇ ನೋಡಿದ. ಕಿವಿಯ ಹಿಂದಿನ ಮಲ್ಲಿಗೆಯಿಂದ ಕೆನ್ನೆಗೆ, ಕೆನ್ನೆಯ ಮೇಲೆ ಒಣಗಿದ ತನಖಾ ತೊಗಟೆಯ ಗಂಧಲೇಪಕ್ಕೆ, ಅಲ್ಲಿಂದ ಕೆಂಪು ಬೆರಳಿಗೆ. ಅವಳು ಬೆರಳನ್ನು ಬಚ್ಚಿಡಲಿಲ್ಲ.

"ಇದನ್ನ ಇವತ್ತಾದ್ರೂ ತಗೊಳ್ಳಿ," ಎಂದು ಪೊಟ್ಟಣ ಚಾಚಿದ. "ಹೆದರಬೇಡಿ. ಚಹಾ ಎಲೆ ಕೊಟ್ಟು ಕರೆಯೋದು ಮದುವೆಗೆ ಅಂತ ಎಲ್ಲರೂ ಹೇಳ್ತಾರೆ, ನಾನೇನೂ ಹೇಳಿಲ್ಲ."

"ಆರು ವರ್ಷದಿಂದ ಹೇಳದೇ ತರ್ತಿದ್ದೀರಿ," ಎಂದಳು. ಪೊಟ್ಟಣ ತೆಗೆದುಕೊಂಡು ರವಿಕೆಯ ಜೇಬಿಗೆ ಸೇರಿಸಿದಳು. ಬೆರಳಿಗೆ ಬೆರಳು ತಾಕಿದ್ದು ಅಷ್ಟು ಹೊತ್ತು ಮಾತ್ರ.

ಅವಳು ಕುರ್ಚಿಗೆ ಮರಳುವಾಗಲೇ ಊ ಹ್ಲಾ ಪೆ ಸಾಹೇಬರು ಒಳಗೆ ಬಂದರು. ಹಿಂದೆ ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದವರು. ಅವರು ಹುಟ್ಟಿದ್ದು ಬುಧವಾರ. ಆದ್ದರಿಂದ ಪ್ರತಿ ಬುಧವಾರ ಹೆಂಡತಿ ಮಾಡಿಕೊಟ್ಟ ಹಂದಿಸಾರು ತಂದು ಎಲ್ಲರ ತಟ್ಟೆಗೂ ತಾವೇ ಬಡಿಸುತ್ತಾರೆ. ದಾನ, ಪುಣ್ಯದ ಕೆಲಸ. ಅವರು ಈ ಕಚೇರಿಗೆ ಬಂದ ಆರು ವರ್ಷದಿಂದ ಅವಳೂ ತಟ್ಟೆ ಒಡ್ಡುತ್ತಿದ್ದಾಳೆ.

"ಆ ಮೇಷ್ಟರ ಪುಸ್ತಕ ಮುಗೀತಾ ಮಾ ಯಿನ್?"

"ಮುಗೀತು ಸಾರ್."

"ನನಗ್ಯಾಕೋ ಏನೋ ವಾಸನೆ ಬರ್ತಿದೆ ಕಣಮ್ಮ. ಧರ್ಮ ಇಲ್ಲದ ಊರಂತೆ, ಪಗೋಡ ಇಲ್ಲವಂತೆ. ಇಲ್ಲ ಇಲ್ಲ ಅಂತ ಇಷ್ಟು ಸಲ ಯಾಕೆ ಹೇಳ್ತಾನೆ ಮನುಷ್ಯ? ಒಳಗೆ ಏನಾದ್ರೂ ಸಂಕೇತ ಗಿಂಕೇತ ಬಚ್ಚಿಟ್ಟಿದ್ದಾನಾ?"

ಫ್ಯಾನಿನ ಗಾಳಿಗೆ ಕೊನೆಯ ಪುಟದ ತುದಿ ಪಟಪಟ ಬಡಿಯುತ್ತಿತ್ತು. ಅವಳು ಅದರ ಮೇಲೆ ರೂಲು ಇಟ್ಟಳು.

"ಅದರಲ್ಲಿ ಒಬ್ಬ ಭಿಕ್ಷುವೂ ಇಲ್ಲ ಸಾರ್."

"ನೀನು ಹೇಳಿದ್ಮೇಲೆ ಮುಗೀತು. ಅದೃಷ್ಟ ಆ ಮನುಷ್ಯಂದು, ನಿನ್ನಂಥವಳು ಓದ್ತೀಯ." ಸಾಹೇಬರು ಸೌಟು ಎತ್ತಿಕೊಂಡರು. "ಸಹಿ ಹಾಕಿಡು, ನಾಲ್ಕು ಗಂಟೆಗೆ ಅಚ್ಚಿಗೆ ಹೋಗಲಿ. ಆ ಕಡೆಯವರಿಗೆ ಬಡಿಸಿ ಬರ್ತೀನಿ, ತಟ್ಟೆ ತೆಗೆದಿಡು."

ಅವರ ಚಪ್ಪಲಿಯ ಸದ್ದು ಮೇಜಿನಿಂದ ಮೇಜಿಗೆ ದೂರವಾಯಿತು. ಬಾಗಿಲಿನ ಸಂದಿಯಲ್ಲಿ ಬೆಂಚು ಕಾಣುತ್ತಿತ್ತು. ಅವನು ಬೆನ್ನು ತಿರುಗಿಸಿ ಕಿಟಕಿಯಾಚೆಯ ಮರ ನೋಡುತ್ತಿದ್ದ. ಅಂಗಿಯ ಕಾಲರಿನ ಹಿಂಭಾಗ ಹೊಲಿಗೆ ಬಿಟ್ಟಿತ್ತು. ಇಷ್ಟು ವರ್ಷ ಅದು ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಅವನು ಯಾವಾಗಲೂ ಎದುರಿಗೇ ಇರುತ್ತಿದ್ದ.

ಒಂದು ಗೀಟು ಸಾಕಿತ್ತು. ಗೀಟೆಳೆದರೆ ಅವನು ಅವಳಿಗೆ ಉಳಿಯುತ್ತಿದ್ದ, ಆ ಸಾಲೂ ಅವಳೊಬ್ಬಳಿಗೇ ಉಳಿಯುತ್ತಿತ್ತು, ಹಿಂದಿನದರ ಹಾಗೆ. ಪಹರೆಯವನ ಸಾಲನ್ನು ಐದು ವರ್ಷ ಒಬ್ಬಳೇ ಇಟ್ಟುಕೊಂಡು ಅವಳಿಗೆ ಸಾಕಾಗಿತ್ತು.

ಪೆನ್ನೆತ್ತಿ ನಮೂನೆಯ ಕೊನೆಯ ಕಾಲಮ್ಮಿನಲ್ಲಿ 'ಆಕ್ಷೇಪಾರ್ಹ ಸಂಕೇತಗಳು: ಇಲ್ಲ' ಎಂದು ಬರೆದಳು. ಕೆಳಗೆ, ಎಂದಿನಂತೆ ಚಿಕ್ಕ ಅಕ್ಷರದಲ್ಲಲ್ಲ, ಪೂರ್ತಿ ಹೆಸರು ಬರೆದು ಸಹಿ ಹಾಕಿದಳು.

ಆಮೇಲೆ ಡ್ರಾದಿಂದ ತಟ್ಟೆ ತೆಗೆದು, ಮೇಜಿನ ಮೇಲೆ ಬೋರಲಾಗಿಟ್ಟಳು.

"ಏನಮ್ಮ, ಇವತ್ತು ಊಟ ಬೇಡ್ವಾ?" ಸೌಟು ಅವಳ ಮೇಜಿನ ಮುಂದೆ ನಿಂತಿತು. ಸಾರಿನ ಹನಿಯೊಂದು ತಟ್ಟೆಯ ಬೆನ್ನಿನ ಮೇಲೆ ಬಿತ್ತು.

"ಹಸಿವಿಲ್ಲ ಸಾರ್."

"ನಿನ್ನ ದೆಸೆಯಿಂದ ನನಗೆ ಒಂದು ತಟ್ಟೆ ಪುಣ್ಯ ಕಮ್ಮಿ ಆಯ್ತು ನೋಡು," ಎಂದು ನಗುತ್ತಾ ಸಾಹೇಬರು ಮುಂದಿನ ಮೇಜಿಗೆ ಹೋದರು.

ಅವಳು ರವಿಕೆಯ ಜೇಬಿನಿಂದ ಪೊಟ್ಟಣ ತೆಗೆದು, ಕಡತದ ಮರೆಯಲ್ಲಿ ಬಿಚ್ಚಿ, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. ಮೊದಲು ಕಹಿ, ಆಮೇಲೆ ಹುಳಿ. ಬಾಗಿಲ ಸಂದಿಯಲ್ಲಿ ಅವನು ಇನ್ನೂ ಮರವನ್ನೇ ನೋಡುತ್ತಿದ್ದ. ಅವಳು ಕರೆಯಲಿಲ್ಲ, ನಿಧಾನವಾಗಿ ಅಗಿಯುತ್ತಾ ಕೂತಳು.