ಕೊಳೆತ ಚಿಪ್ಪಿನ ಹಾರ

ಯೆರೆಮಿಯಾಸ್ ನಮ್ಮ ಬಾಗಿಲಿಗೆ ತೆಂಗಿನ ಎಳೆಗರಿ ಕಟ್ಟಿದ ಬೆಳಿಗ್ಗೆ ನಾನು ಅಂಗಳದಲ್ಲಿ ಕಡಲಸೌತೆ ಕುದಿಸುತ್ತಿದ್ದೆ. ಕೊಯ್ದಿಟ್ಟ ನಾಲಿಗೆಗಳಂಥ ಆ ಪ್ರಾಣಿಗಳು ಹಂಡೆಯಲ್ಲಿ ಉರುಳಾಡಿ ನೊರೆ ಕಕ್ಕುತ್ತಿದ್ದವು. ಅವುಗಳ ಲೋಳೆ ಉಗುರಿನ ಸಂದಿಗೆ ಇಳಿದರೆ ಮೂರು ದಿನ ಮರಗೆಣಸಿನ ರೊಟ್ಟಿಯೂ ಗಂಟಲಲ್ಲಿ ಇಳಿಯುವುದಿಲ್ಲ. ಯಾವುದೋ ದೂರದ ಪಟ್ಟಣದ ಶ್ರೀಮಂತರು ಇದನ್ನು ಮದುವೆಯೂಟಕ್ಕೆ ಬಡಿಸಿಕೊಳ್ಳುತ್ತಾರಂತೆ. ಊಟ ಅವರದು, ವಾಕರಿಕೆ ನಮ್ಮದು.

ನಮ್ಮ ದ್ವೀಪದಲ್ಲಿ ಗರಿ ಕಟ್ಟುವುದೆಂದರೆ ಸಾಸಿ. ಗರಿ ಕಟ್ಟಿದ ಮರದ ಕಾಯನ್ನು ಯಾರೂ ಮುಟ್ಟುವಂತಿಲ್ಲ. ಕೊಲ್ಲಿಯ ಬಾಯಲ್ಲಿ ಗರಿಯ ಕಂಬ ನೆಟ್ಟು ಚರ್ಚಿನಲ್ಲಿ ಪ್ರಾರ್ಥನೆ ಮಾಡಿದರೆ ಕಡಲೇ ಮುಚ್ಚಿದಂತೆ. ಲೋಲಾ ಎಂಬ ಸುರುಳಿ ಚಿಪ್ಪು ಬೆಳೆಯಲೆಂದು ನಮ್ಮ ಕೊಲ್ಲಿ ಮೂರು ವರ್ಷ ಮುಚ್ಚಿತ್ತು. ಸೋಮವಾರ ತೆರೆಯಬೇಕಿತ್ತು. ಆ ಚಿಪ್ಪುಗಳನ್ನು ಮಾರಿ ಊರ ದೋಣಿಗೆ ಎಂಜಿನ್ ತರುವುದೆಂದು, ಅದರಲ್ಲಿ ಕಾಯಿಲೆಯವರನ್ನು ಪಟ್ಟಣಕ್ಕೆ ಒಯ್ಯುವುದೆಂದು ಎಲ್ಲರೂ ಒಪ್ಪಿದ್ದೆವು. ಮೊದಲು ಹೋಗಬೇಕಾದವನು ನನ್ನ ಅಣ್ಣ ಲೋಡಿ.

"ಏನಿದು?" ಅಂದೆ, ಗರಿ ತೋರಿಸಿ.

"ಸಾಸಿ. ನಿಂಗೆ ಹಾಕಿದೀನಿ, ಮಿನಾ. ಇನ್ಮೇಲೆ ಯಾರೂ ಈ ಕಡೆ ಕಣ್ಣು ಹಾಕೋ ಹಾಗಿಲ್ಲ."

"ನಾನೇನು ತೆಂಗಿನ ಮರವಾ?"

"ಮರ ಇಷ್ಟು ಬೈಯಲ್ಲ."

ನಗುವಾಗ ಅವನ ಎಡಗಣ್ಣು ಮಾತ್ರ ಅರ್ಧ ಮುಚ್ಚುತ್ತದೆ. ರೆಪ್ಪೆಯ ತುದಿಯಲ್ಲಿ ಒಣಗಿದ ಉಪ್ಪು ಬಿಳಿ ಚುಕ್ಕೆಗಳಾಗಿ ಕೂತಿರುತ್ತದೆ. ಅದನ್ನು ಬೆರಳಿನಿಂದ ಒರೆಸಬೇಕೆಂದು ನನಗೆ ಅದೆಷ್ಟೋ ಸಲ ಅನ್ನಿಸಿದೆ. ಅವತ್ತೂ ಅನ್ನಿಸಿತು. ಬೆರಳಲ್ಲಿ ಲೋಳೆಯಿತ್ತು, ಎದೆಯಲ್ಲಿ ಸಿಟ್ಟಿತ್ತು. ಗರಿ ಕಿತ್ತು ಹಂಡೆಯ ಕೆಳಗಿನ ಬೆಂಕಿಗೆ ತುರುಕಿದೆ.

"ಸಾಸಿ ಹಾಕೋದು ಆಮೇಲೆ ಒಂದೇ ದಿನ ಎಲ್ಲ ಬಾಚ್ಕೊಳ್ಳೋಕೆ ಅಲ್ವಾ? ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿಂಗೆ?"

ಅವನ ನಗು ಇಳಿಯಿತು. ತಪ್ಪಾಯಿತು ಎನ್ನಲು ಹತ್ತಿರ ಬಂದ. ಆಗ ಅವನ ಉಸಿರು ನನ್ನ ಮುಖಕ್ಕೆ ಬಡಿಯಿತು.

ಸುಟ್ಟ ಎಣ್ಣೆಯ ವಾಸನೆ. ಅದನ್ನು ನಾನು ನಿದ್ದೆಯಲ್ಲೂ ಗುರುತಿಸುತ್ತೇನೆ. ಟಯರಿಗೆ ಗಾಳಿ ತುಂಬುವ ಯಂತ್ರದ ಕೊಳವೆಯನ್ನು ಹಲ್ಲಲ್ಲಿ ಕಚ್ಚಿ, ಅದರ ಗಾಳಿ ಕುಡಿಯುತ್ತ ಆಳಕ್ಕೆ ಇಳಿಯುವವರ ಉಸಿರು ಅದು. ಹಾಗೆ ಇಳಿದೇ ನನ್ನ ಅಣ್ಣ ಒಂದು ದಿನ ಸೊಂಟದ ಕೆಳಗೆ ಸತ್ತು ಮೇಲೆ ಬಂದಿದ್ದ. ಈಗ ಒಳಗೆ ಚಾಪೆಯ ಮೇಲೆ ಮಲಗಿ ನೊಣ ಎಣಿಸುತ್ತಾನೆ. ಅವನ ಬೆನ್ನ ಹುಣ್ಣು ತೊಳೆಯುವ ನೀರನ್ನು ನಾನೇ ಚೆಲ್ಲುತ್ತೇನೆ. ಆ ಯಂತ್ರವನ್ನು ಮುಟ್ಟುವುದಿಲ್ಲವೆಂದು ಯೆರೆಮಿಯಾಸ್ ಅಣ್ಣನ ಸತ್ತ ಕಾಲು ಮುಟ್ಟಿ ಹೇಳಿದ್ದ.

"ಎಲ್ಲಿ ಇಳಿದಿದ್ದೆ?"

ಬೆಂಕಿ ನೋಡುತ್ತ ಒಂದೊಂದಾಗಿ ಹೇಳಿದ. ನಿನ್ನೆ, ಮಂಗಳವಾರ, ಊರೆಲ್ಲ ಪಕ್ಕದ ದ್ವೀಪಕ್ಕೆ ಶವಸಂಸ್ಕಾರಕ್ಕೆ ಹೋಗಿತ್ತಲ್ಲ, ಆ ಮಧ್ಯಾಹ್ನ. ಮುಚ್ಚಿದ ಕೊಲ್ಲಿಯಲ್ಲೇ. ಹೇಳಿದವನು ಊರ ಮುಖ್ಯಸ್ಥ ಬಾಪಾ ಹೆಂಡ್ರಿಕ್, ದೋಣಿ ಮತ್ತು ಯಂತ್ರ ಕೊಟ್ಟವನು ಚಿಪ್ಪು ಕೊಳ್ಳುವ ಪಟ್ಟಣದ ಬಾಸ್. ಐದು ಚೀಲ ಲೋಲಾ. ಅದಕ್ಕೆ ಪ್ರತಿಯಾಗಿ ಬಾಸ್‌ನ ದೋಣಿಯಲ್ಲಿ ಯೆರೆಮಿಯಾಸನಿಗೆ ಕಾಯಂ ಕೆಲಸ.

"ಕಾಯಂ ಕೆಲಸ ಇದ್ರೆ ನಿಮ್ಮಮ್ಮ ಹೆಣ್ಣು ಕೊಡ್ತಾರೆ ಅಂದ್ಕೊಂಡೆ. ನಿನಗೋಸ್ಕರ ಮಾಡಿದ್ದು, ಮಿನಾ."

ಹಂಡೆಗಿಂತ ಈ ಮಾತು ಹೆಚ್ಚು ನಾರುತ್ತಿತ್ತು. ಗಂಡಸರು ಕೊಳಕು ಕೆಲಸ ಮಾಡಿ ಅದರ ಮೇಲೆ ಹೆಂಗಸಿನ ಹೆಸರು ಬರೆಯುತ್ತಾರೆ.

"ಆ ಚೀಲಕ್ಕೆ ನನ್ನ ಹೆಸರು ತುಂಬ್ಬೇಡ. ಭಾನುವಾರ ಪಾದ್ರಿ ಕೇಳಿದಾಗ ಎದ್ದು ನಿಂತ್ಕೋ. ಯಾರು ಹೇಳಿದ್ದು ಅಂತಾನೂ ಹೇಳು. ಇಲ್ದಿದ್ರೆ ಈ ಅಂಗಳಕ್ಕೆ ಕಾಲಿಡ್ಬೇಡ."

"ನಿಂತ್ರೆ ದೋಣಿ ಕೆಲಸ ಇಲ್ಲ. ನಿಲ್ಲದಿದ್ರೆ ನೀನಿಲ್ಲ. ಅಷ್ಟೇ ತಾನೇ?"

"ಅಷ್ಟೇ."

ಅವನು ಹೋದ ಮೇಲೆ ಕಡಲಸೌತೆ ತಳ ಹಿಡಿಯಿತು. ಅಮ್ಮ ಬೈದಳು. ನಾನು ಅತ್ತದ್ದು ಹೊಗೆಗೆ ಎಂದುಕೊಂಡಳು.

ಸಾಸಿ ತೆರೆಯುವ ಮುಂಚಿನ ಭಾನುವಾರ ಪಾದ್ರಿ ಮೂರು ಸಲ ಕೇಳುತ್ತಾನೆ, ಮುರಿದವರು ಯಾರಾದರೂ ಇದ್ದೀರಾ ಎಂದು. ಮುರಿದವನು ಸುಮ್ಮನಿದ್ದರೆ ಕಡಲು ಬರಿದಾಗಿ ತೆರೆಯುತ್ತದೆ ಎನ್ನುವುದು ನಂಬಿಕೆ. ಮುಂದಿನ ಬೆಂಚಿನಲ್ಲಿ ಹೆಂಡ್ರಿಕ್ ಕೂತಿದ್ದ, ಇಸ್ತ್ರಿ ಮಾಡಿದ ಬಿಳಿ ಅಂಗಿ, ತುಟಿಯ ಮೂಲೆಯಲ್ಲಿ ಅಡಿಕೆಯ ಕೆಂಪು. ಎಲ್ಲರಿಗಿಂತ ಗಟ್ಟಿಯಾಗಿ ಕೀರ್ತನೆ ಹಾಡಿದ. ಆ ಬಾಯನ್ನು ನೋಡಲಾರದೆ ನಾನು ಗಂಡಸರ ಬೆಂಚುಗಳ ಕಡೆ ತಿರುಗಿದೆ. ಯೆರೆಮಿಯಾಸ್ ತೋಯಿಸಿ ಬಾಚಿದ ತಲೆ ತಗ್ಗಿಸಿ ಕೂತಿದ್ದ.

ಪಾದ್ರಿ ಒಂದು ಸಲ ಕೇಳಿದ. ಎರಡು ಸಲ. ಯೆರೆಮಿಯಾಸ್ ತಲೆಯೆತ್ತಿ ನನ್ನನ್ನು ನೋಡಿದ. ಆ ನೋಟದಲ್ಲಿ ಬೇಡಿಕೆಯಿತ್ತು. ಸಾಕು ಬಿಡು ಎಂದು ಕಣ್ಣಲ್ಲೇ ಹೇಳಿದ್ದರೆ ಅವನು ಕೂತೇ ಇರುತ್ತಿದ್ದ. ನಾನು ಕಣ್ಣು ಮಿಟುಕಿಸಲಿಲ್ಲ.

ಮೂರನೆಯ ಸಲಕ್ಕೆ ಎದ್ದ.

"ಮುರಿದವನು ನಾನು. ಮುರೀಲಿಕ್ಕೆ ಹೇಳಿದವರು ಬಾಪಾ ಹೆಂಡ್ರಿಕ್."

ಹೆಂಡ್ರಿಕ್ ಕತ್ತು ತಿರುಗಿಸಲಿಲ್ಲ. ಸಿಕ್ಕಿಬಿದ್ದ ಕಳ್ಳ ಯಾರ ಹೆಸರು ಬೇಕಾದರೂ ಎಳೆಯುತ್ತಾನೆ ಎಂದ. ಹಿರಿಯರ ಕಾಲದ ಶಿಕ್ಷೆ ಇದೆಯಲ್ಲ, ಕದ್ದ ಮಾಲನ್ನು ಕೊರಳಿಗೆ ಕಟ್ಟಿ ಏಳೂ ಓಣಿ ತಿರುಗಿಸುವುದು, ಇವತ್ತೇ ಆಗಲಿ ಎಂದು ತೀರ್ಪನ್ನೂ ಕೊಟ್ಟ. ತಲೆಗಳು ಆಡಿದವು.

"ಆಗ್ಲಿ ಬಾಪಾ," ಎಂದ ಯೆರೆಮಿಯಾಸ್. "ಮಾಲು ನಿಮ್ಮ ದೋಣಿಮನೇಲಿದೆ. ಬೀಗದ ಕೈ ಕೊಡಿ."

ಶಿಕ್ಷೆಗೆ ಮಾಲು ಬೇಕು. ಶಿಕ್ಷೆ ಕೊಟ್ಟವನ ಮನೆಯಲ್ಲೇ ಮಾಲು. ಅಷ್ಟು ಜನರ ಮುಂದೆ ಹೆಂಡ್ರಿಕ್ ಬೀಗದ ಕೈ ಕೊಡಲೇಬೇಕಾಯಿತು.

ಚೀಲಗಳನ್ನು ಚರ್ಚಿನ ಮುಂದೆ ಬಿಚ್ಚಿದರು. ಐದು ದಿನ ಬಿಗಿದು ಕಟ್ಟಿದ ಚಿಪ್ಪಿನೊಳಗಿನ ಮಾಂಸ ಹಸಿರು ಕೀವಾಗಿತ್ತು. ಹುಳುಗಳು ಸುರುಳಿಯಿಂದ ಸುರುಳಿಗೆ ತುಳುಕಿದವು. ಹೆಂಡ್ರಿಕ್ ಮೂಗಿಗೆ ಕರವಸ್ತ್ರ ಹಿಡಿದು, ಇದು ತನಗೆ ದಡದಲ್ಲಿ ಸಿಕ್ಕಿದ್ದು, ಊರಿನ ಆಸ್ತಿಯೆಂದು ಜೋಪಾನ ಮಾಡಿದ್ದೆ ಎಂದ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಸರಿ ಎಂದು ತಲೆಯಾಡಿಸಿದರು. ಪಾದ್ರಿ ಕೀರ್ತನೆ ಪುಸ್ತಕದಲ್ಲಿ ಪುಟ ಹುಡುಕತೊಡಗಿದ. ನಾನು ಆ ಹುಳುಗಳನ್ನು ನೋಡಿ ಹೇಸಲಿಲ್ಲ. ಅವು ತಮ್ಮ ಕೆಲಸ ಮಾಡುತ್ತಿದ್ದವು. ಆ ತಲೆಯಾಟಕ್ಕೆ ಹೇಸಿದೆ.

ಯೆರೆಮಿಯಾಸನೊಬ್ಬನ ಕೊರಳಿಗೇ ಎರಡೆಳೆಯ ಚಿಪ್ಪಿನ ಹಾರ ಬಿತ್ತು. ಪ್ರತಿ ಓಣಿಯ ಬಾಯಲ್ಲಿ ನಿಂತು ಅವನು ತನ್ನ ಹೆಸರು, ತಪ್ಪು ಕೂಗಿ ಹೇಳಬೇಕು. ಮೊದಲ ಓಣಿಯಲ್ಲಿ ಅವನ ದನಿ ಏಳಲಿಲ್ಲ. ಹೆಂಗಸರು ಸೆರಗಲ್ಲಿ ಮೂಗು ಮುಚ್ಚಿ ನಕ್ಕರು. ಅಮ್ಮ ನನ್ನ ತೋಳು ಹಿಡಿದಿದ್ದಳು. ಬಿಡಿಸಿಕೊಂಡು ಹೋಗಿ ಅವನ ಕೊರಳಿನಿಂದ ಅರ್ಧ ಹಾರ ತೆಗೆದು ನನ್ನ ಕೊರಳಿಗೆ ಹಾಕಿಕೊಂಡೆ. ತಣ್ಣನೆಯ ರಸ ರವಿಕೆಯೊಳಗೆ ಇಳಿಯಿತು. ಬೇಲಿ ಹಿಡಿದು ವಾಂತಿ ಮಾಡಿದೆ.

"ಹೋಗು ಮಿನಾ, ಮನೆಗೆ ಹೋಗು. ನಾತ ಹೊಡೀತಿದೀನಿ ನಾನು."

ಬಾಯಿ ಒರೆಸಿಕೊಂಡೆ. "ಇದು ನಿನ್ನೊಬ್ಬನ ನಾತ ಅಲ್ಲ. ಕೂಗು."

ಅವನು ತನ್ನ ಹೆಸರು ಕೂಗಿದ. ಸಾಸಿ ಮುರಿದವನು ಎಂದ. ಹೆಂಡ್ರಿಕ್ ಹೇಳಿ ಮುರಿಸಿದ್ದು ಎಂದು ನಾನು ಸೇರಿಸಿದೆ. ಎರಡನೆಯ ಓಣಿಯಲ್ಲೂ ಹಾಗೆಯೇ. ಮೂರನೆಯದರಲ್ಲಿ ಎರಡು ಮಾತನ್ನೂ ಅವನೇ ಕೂಗಿದ. ನಾಲ್ಕನೆಯದರಲ್ಲಿ ಹೆಂಗಸರ ನಗು ನಿಂತಿತ್ತು. ಒಬ್ಬ ಮುದುಕಿ ನಮ್ಮಿಬ್ಬರಿಗೂ ನೀರು ತಂದುಕೊಟ್ಟು, ಹೆಂಡ್ರಿಕ್‌ನ ಮನೆಯ ದಿಕ್ಕಿಗೆ ಉಗಿದಳು. ಆಗ ಕೊಲ್ಲಿಯಾಚೆ ಬಾಸ್‌ನ ದೋಣಿಯ ಎಂಜಿನ್ ಸದ್ದಾಯಿತು. ಹೊರಟೇ ಬಿಟ್ಟಿದ್ದ. ಯೆರೆಮಿಯಾಸ್ ಆ ಕಡೆ ತಿರುಗಿಯೂ ನೋಡಲಿಲ್ಲ, ಹುಳು ಕೂತ ನನ್ನ ಭುಜವನ್ನು ಮೆಲ್ಲಗೆ ಕೊಡವಿದ.

"ಕೆಲಸ ಇಲ್ಲ. ಮರ್ಯಾದೆ ಇಲ್ಲ. ನಾಳೆ ಕಡಲಲ್ಲಿ ಏನು ಉಳಿದಿದ್ಯೋ ಅದೂ ಗೊತ್ತಿಲ್ಲ," ಎಂದ. "ಈಗ ಕೇಳ್ತಿದೀನಿ. ಮದುವೆ ಆಗ್ತೀಯಾ?"

ಅವನ ರೆಪ್ಪೆಯಲ್ಲಿ ಅವತ್ತು ಉಪ್ಪಿರಲಿಲ್ಲ, ಬೆವರಿತ್ತು. ಕೊಳೆತ ರಸ ಅಂಟಿದ ಬೆರಳಿನಿಂದಲೇ ಒರೆಸಿದೆ.

"ಇನ್ನೂ ಮೂರು ಓಣಿ ಇದೆ. ನಡಿ."