ಬಲ ರೆಕ್ಕೆಯ ಒಳಮೈ

2023ರ ಅಕ್ಟೋಬರ್ 7, ಶನಿವಾರ. ಬೆಳಿಗ್ಗೆ 8.40ಕ್ಕೆ ಸಂಡೂರು ಠಾಣೆಗೆ ಬಂದ ಶೈಲಶ್ರೀ ಕುರ್ಚಿಯಲ್ಲಿ ಕೂರಲಿಲ್ಲ. ಬಾಗಿಲಿಗೆ ಬೆನ್ನು ಮಾಡಿ ಕೂರಲು ಆಕೆಗೆ ಭಯವಿತ್ತು.

"ಯಾರೋ ನನ್ನ ಕೊಲ್ಲಾಕ ನೋಡ್ಯಾರ್ರಿ ಮೇಡಂ," ಎಂದಳು.

ಗಣಿ ಕಂಪನಿಯ ಕೆಲಸ ಬಿಟ್ಟಿದ್ದ ಈ ಎಂಜಿನಿಯರ್, ಯಶವಂತನಗರದ ಶೆಡ್ಡೊಂದರಲ್ಲಿ ಮೂರು ವರ್ಷದಿಂದ ಎರಡು ಸೀಟಿನ ಮರದ ವಿಮಾನ ಕಟ್ಟುತ್ತಿದ್ದಳು. ಅನುಮತಿ ಪತ್ರ ಕೈಸೇರಿತ್ತು. ಸೋಮವಾರ ಮೊದಲ ಹಾರಾಟ, ಹಾರಿಸುವವಳೂ ಆಕೆಯೇ. ಇಂದು ಶೆಡ್ ತೆರೆದಾಗ ಬಲ ರೆಕ್ಕೆ ತುಂಡಾಗಿ ನೆಲದ ಮೇಲಿತ್ತು.

ಇನ್‌ಸ್ಪೆಕ್ಟರ್ ಚಂದ್ರಕಲಾ 9.15ಕ್ಕೆ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಪಂಪೇಶ್‌ನೊಂದಿಗೆ ಶೈಲಶ್ರೀಯನ್ನೂ ಕರೆದುಕೊಂಡು ಸ್ಥಳಕ್ಕೆ ಹೋದರು. ಪಂಚರ ಮುಂದೆ ಪಂಚನಾಮೆ ಆರಂಭವಾಯಿತು. ಬೀಗ ಒಡೆದಿರಲಿಲ್ಲ. ಏನೂ ಕಳುವಾಗಿರಲಿಲ್ಲ. ರೆಕ್ಕೆಯನ್ನು ಗರಗಸದಿಂದ ಕೊಯ್ಯಲಾಗಿತ್ತು.

"ನಿನ್ನೆ ಎಲ್ಲಿದ್ರಿ?"

"ಮಧ್ಯಾಹ್ನದಿಂದ ಹೊಸಪೇಟೆಯಾಗ."

"ಬೀಗದ ಕೈ ಮತ್ಯಾರ ಹತ್ರ ಐತಿ?"

"ಚಿತ್ತವಾಡ್ಗಿ ಮೂಕಣ್ಣನ ಹತ್ರ. ವಾರ್ನಿಷ್ ಹಚ್ಚಿದಾವ. ಆತ ಹಿಂಗ ಮಾಡೋನಲ್ರಿ."

ಮಧ್ಯಾಹ್ನ ಎರಡು ಗಂಟೆಗೆ ಗಣಿಯ ಪಾಳಿ ಬದಲಾಗುವಾಗ ಹೊರಗೆ ಕಂಪನಿ ಬಸ್ಸುಗಳ ಗದ್ದಲವಿರುತ್ತದೆ. ಗರಗಸದ ಸದ್ದು ಯಾರೂ ಕೇಳಿರಲಿಲ್ಲ.

ಚಂದ್ರಕಲಾ ಕೊಯ್ದ ಜಾಗದ ಎದುರು ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು.

"ಪಂಪೇಶ್, ಕೊಲ್ಲಾವ ಅರ್ಧ ಕೊಯ್ದು ಕಾಣದಂಗ ಮುಚ್ತಿದ್ದ. ಈತ ಪೂರ್ತಿ ಕೊಯ್ದಾನ. ಹಾರಬಾರದು ಅಂತ."

ರೆಕ್ಕೆಯ ಭಾರ ಹೊರುವ ತೊಲೆಯ ಮೇಲೆ, ಒಳಗಡೆ, ವಾರ್ನಿಷ್ ಬಿಳಿಚಿ ಎದ್ದಿತ್ತು. ಉಗುರು ಒತ್ತಿದರೆ ಮರ ತಗ್ಗುತ್ತಿತ್ತು.

"ಇದು ಯಾವ ವಾರ್ನಿಷ್?"

"ಎಪಾಕ್ಸಿ. ಎರಡು ಡಬ್ಬಿದು ಕಲಸಿ ಹಚ್ಚೋದು. ನಾಲ್ಕು ನಮೂನಿ ವಾರ್ನಿಷ್ ಹಚ್ಚಿ, ಹಲಗಿ ಚೂರು ತಿಂಗಳಗಟ್ಲೆ ನೀರಾಗಿಟ್ಟು ನೋಡಿ ಇದನ್ನ ಆರಿಸಿದ್ದೆ. ಥಂಡಿ ಒಳಗ ಬಿಡಂಗಿಲ್ಲ. ಒಣಗಿದ್ರ ಸ್ಪಿರಿಟ್‌ಗೂ ಕರಗಂಗಿಲ್ಲ."

ಪಂಪೇಶ್ ಪ್ರಥಮ ಚಿಕಿತ್ಸೆ ಪೆಟ್ಟಿಗೆಯಿಂದ ಸ್ಪಿರಿಟ್ ತಂದ. ಆಕೆ ಪರೀಕ್ಷಿಸಿಟ್ಟಿದ್ದ ಎಪಾಕ್ಸಿ ಚೂರಿಗೆ ಉಜ್ಜಿದ ಹತ್ತಿ ಬೆಳ್ಳಗೇ ಉಳಿಯಿತು. ತೊಲೆಗೆ ಉಜ್ಜಿದ ಹತ್ತಿ ಕಂದಾಯಿತು.

"ಇದು ಬಾಗಿಲಿಗೆ ಹಚ್ಚೋ ಅರಗಿನ ಪಾಲಿಶ್, ಥಂಡಿ ತಡಿಯಂಗಿಲ್ಲ," ಎಂದ ಶೈಲಶ್ರೀ ತೊಲೆಯ ಮೇಲೆ ತಾನೂ ಉಗುರು ಒತ್ತಿ ನೋಡಿದಳು. "ಮ್ಯಾಲೆ ಹೋದ ಮ್ಯಾಲೆ ಮುರೀತಿತ್ರಿ," ಎಂದಳು. ಚಂದ್ರಕಲಾ ಎರಡೂ ಹತ್ತಿಗಳನ್ನು ಲಕೋಟೆಗೆ ಹಾಕಿ ಅರಗು ಮುದ್ರೆ ಒತ್ತಿಸಿದರು.

ಮಧ್ಯಾಹ್ನ 1.30. ಚಿತ್ತವಾಡ್ಗಿಯ ಮನೆಯಲ್ಲಿ ಮೂಕಣ್ಣ ಬಾಗಿಲ ಹಿಂದೆ ಮೊಣಕಾಲು ತಬ್ಬಿ ಕೂತಿದ್ದ. ಪ್ರಶ್ನೆ ಕೇಳುವ ಮೊದಲೇ ಅವನೇ ಕೇಳಿದ:

"ಅಕ್ಕಾರು ಹಾರಿಲ್ಲಲ್ರಿ?"

"ಇಲ್ಲ. ಗರಗಸ ಎಲ್ಲೈತಿ?"

ಮಂಚದ ಕೆಳಗೆ ಕೈ ತೋರಿಸಿದ. ಗರಗಸ ಜಪ್ತಿಯಾಯಿತು. 2.10ಕ್ಕೆ ಬಂಧನ, ಹೆಂಡತಿ ದುರ್ಗಕ್ಕನಿಗೆ ವಿಷಯ ತಿಳಿಸಲಾಯಿತು.

ಠಾಣೆಯಲ್ಲಿ ಚಂದ್ರಕಲಾ ಕೇಳುತ್ತ ಹೋದರು, ಪಂಪೇಶ್ ಹೇಳಿಕೆ ಬರೆದುಕೊಂಡ.

"ಯಾಕ ಹಂಗ ಮಾಡಿದಿ?"

"ಹೋದ ವರ್ಷ ಕಲಸಿದ ವಾರ್ನಿಷ್ ಹಚ್ಚೂದ್ರಾಗ ಗಟ್ಟಿ ಆತ್ರಿ. ಇನ್ನೊಂದು ಡಬ್ಬಿ ಬರಾಕ ಇಪ್ಪತ್ತು ದಿನ. ಕೆಡಿಸೀನಿ ಅಂತ ಹೇಳಾಕ ಅಂಜಿದೆ. ಮನ್ಯಾಗಿನ ಪಾಲಿಶ್ ಹಚ್ಚಿ ಮುಚ್ಚಿಬಿಟ್ಟೆ. ಎಲ್ಲಾ ಎಪಾಕ್ಸಿನ ಅಂತ ಕೆಲಸದ ಪುಸ್ತಕದಾಗ ಸಹಿನೂ ಹಾಕಿದೆ."

"ಆಮ್ಯಾಲೆ?"

"ಹೋದ ವಾರ ಮೆಟ್ರಿ ಊರಿಗೆ ಹೋಗಿದ್ದೆ. ಗದ್ದಿ ಬದಿ ಮನಿ ಬಾಗಲಕ್ಕ ಅದ ಪಾಲಿಶ್ ಹಚ್ಚಿದ್ದೆ. ಬೆರಳು ಒತ್ತಿದ್ರ ಒಳಗ ಹೋತ್ರಿ. ಅವತ್ತಿಂದ ಊಟ ಸೇರವಲ್ದು."

"ಹೇಳಬಹುದಿತ್ತಲ್ಲ."

"ಎರಡು ಸಲ ಶೆಡ್ಡಿನ ತನಕ ಹೋದೆ. ಅಕ್ಕಾರು ಸೀಟಿನಾಗ ಕುಂತು ನಗತಿದ್ರು. ಸಹಿ ಹಾಕೀನಲ್ರಿ, ಜೈಲಿಗೆ ಹಾಕ್ತಾರಂತ ಅಂಜಿ ವಾಪಸ್ ಬಂದೆ. ನಿನ್ನೆ ಗರಗಸ ತಗೊಂಡು ಹೋದೆ."

ಕೇಸ್ ಡೈರಿಯಲ್ಲಿ ಕೃತ್ಯದ ಕಾರಣ ಎಂಬಲ್ಲಿ ಚಂದ್ರಕಲಾ 'ಭಯ' ಎಂದಷ್ಟೇ ಬರೆದರು.

ಹೇಳಿಕೆಯನ್ನು ಓದಿ ಹೇಳಿದ ಮೇಲೆ ಮೂಕಣ್ಣ ಪೆನ್ನು ಹಿಡಿದ. ಸಹಿ ಮಾಡಲಿಲ್ಲ.

"ಇನ್ನೊಂದು ಬರಕೊಳ್ರಿ ಮೇಡಂ. ಎಡ ರೆಕ್ಕಿನೂ ಬಿಚ್ಚಿ ನೋಡಾಕ ಹೇಳ್ರಿ. ಅದರಾಗ ಎಲ್ಲೆಲ್ಲಿ ಹಚ್ಚೀನೋ ನನಗ ನೆನಪಿಲ್ಲ."