ಅಬ್ಬಾ ನೋಡಿದ ಹಿಮಾಲಯ

"ಅಬ್ಬಾ, ತಲೆ ಸ್ವಲ್ಪ ಬಗ್ಗಿಸು. ಬೆಲ್ಟ್ ಬಿಗಿ ಮಾಡ್ತಾರೆ," ಎಂದು ನುಜತ್ ಅಪ್ಪನಿಗೆ ಹೇಳಿದಳು.

ಹರಿಹರದ ಕಾಲೇಜು ಮೈದಾನದಲ್ಲಿ ವಿಜ್ಞಾನ ಮೇಳ. ಕಣ್ಣಿಗೆ ಡಬ್ಬಿ ಕಟ್ಟಿ ದೃಶ್ಯ ತೋರಿಸುವ ವಿಆರ್ ಸ್ಟಾಲಿನ ಮುಂದೆ ಇಬ್ಬರೂ ಬೆಳಗ್ಗೆಯಿಂದ ಕ್ಯೂ ನಿಂತಿದ್ದರು.

ಅಬ್ಬಾ ಶಬ್ಬೀರ್‌ಗೆ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ಇಪ್ಪತ್ತು ವರ್ಷ ಬೆಂಕಿಯ ಮುಂದೆ ಕೂತು, ಬಿಸಿ ಮರಳಲ್ಲಿ ಅಕ್ಕಿ ಹುರಿದು ಹುರಿದು ಕಣ್ಣು ಮಬ್ಬಾಗಿದ್ದವು. ಈಗ ಅವನು ಹುರಿಯುವುದು ಕಿವಿಯಿಂದ. ಚಟಪಟ ಸದ್ದು ಇಳಿಯುತ್ತಲೇ ಜರಡಿಗೆ ಸುರಿಯುತ್ತಾನೆ.

"ಸ್ವಲ್ಪ ಮಂಜು, ಅಷ್ಟೇ. ಭಟ್ಟಿಯಾಗೆ ಯಾರಿಗೂ ಹೇಳಬ್ಯಾಡ. ಮಾಲೀಕ ನಾಳೆಯಿಂದ ಬರಬ್ಯಾಡ ಅಂತಾನೆ," ಎಂದು ಮಗಳಿಗೆ ಹೇಳಿದ್ದ.

ಹೋದ ವಾರ, ಒಲೆಗೆ ಹಾಕಲು ತಂದ ರದ್ದಿಯಲ್ಲಿ ನುಜತ್‌ಗೆ ಒಂದು ಟೆಕ್ನಾಲಜಿ ಮ್ಯಾಗಜಿನ್ ಸಿಕ್ಕಿತ್ತು. ನುಣುಪು ಕಾಗದ. ಕಣ್ಣಿಗೆ ಕಪ್ಪು ಡಬ್ಬಿ ಕಟ್ಟಿಕೊಂಡು ನಗುವ ಹುಡುಗಿಯ ಫೋಟೊ. ಕೆಳಗೆ ದಪ್ಪಕ್ಷರ: 'ವಿಆರ್ ಬಂತು! ಕಣ್ಣು ಮಂಜಾದವರೂ ಇನ್ನು ಹಿಮಾಲಯ ನೋಡಬಹುದು!'

ಹಾಗೆ ಬರೆದವನು ಭಟ್ಟಿಯ ಹೊಗೆಯನ್ನು ಒಂದು ದಿನವೂ ಕುಡಿದವನಲ್ಲ. ಅದು ನುಜತ್‌ಗೆ ಹೇಗೆ ಗೊತ್ತಾಗಬೇಕು? ಅಚ್ಚಾಗಿದ್ದು ಸುಳ್ಳಾಗುತ್ತದೆಯೇ? ಅಬ್ಬಾನಿಗೆ ಮೂರು ಸಲ ಓದಿ ಹೇಳಿದ್ದಳು.

ಸ್ಟಾಲ್ ನೋಡಿಕೊಳ್ಳುವ ಮಾಲತೇಶ್ ಅಬ್ಬಾನಿಗೆ ಡಬ್ಬಿ ಕಟ್ಟಿ ಬಟನ್ ಒತ್ತಿದ. ಡಬ್ಬಿಯೊಳಗೆ ಕಾಣುವುದೆಲ್ಲ ಪಕ್ಕದ ಟಿವಿಯಲ್ಲೂ ಕಾಣುತ್ತಿತ್ತು. ನೀಲಿ ಸಮುದ್ರ. ದೊಡ್ಡ ತಿಮಿಂಗಿಲವೊಂದು ಬಾಯಿ ತೆರೆದು ಮುಖಕ್ಕೇ ನುಗ್ಗಿ ಬಂತು! ಇದಕ್ಕೂ ಮುಂಚೆ ಡಬ್ಬಿ ಕಟ್ಟಿಕೊಂಡವರೆಲ್ಲ ಇಲ್ಲೇ ಕಿರುಚಿ ಹಿಂದೆ ಜಿಗಿದಿದ್ದರು.

ಅಬ್ಬಾ ಅಲುಗಾಡಲಿಲ್ಲ.

"ಕಾಣ್ತೈತಾ ಅಬ್ಬಾ?"

"ಆಹಾ, ಎಂಥಾ ಗುಡ್ಡ ಬೇಟಾ! ಎಲ್ಲಾ ಕಡೆ ಹಿಮ. ಬೆಳ್ಳಗೆ, ನಮ್ ಮಂಡಕ್ಕಿ ರಾಶಿ ಹಂಗೆ!"

"ಲೇ, ಗುಡ್ಡ ಎಲ್ಲೈತಲೇ?" ಹಿಂದೆ ನಿಂತ ಹುಡುಗನೊಬ್ಬ ಪಿಸುಗುಟ್ಟಿ ಕಿಸಕ್ಕನೆ ನಕ್ಕ.

"ಅಂಕಲ್, ಅದು..." ಎಂದು ಮಾಲತೇಶ್ ಬಾಯಿ ತೆರೆದ. ನುಜತ್ ಅವನ ಕೈ ಗಟ್ಟಿಯಾಗಿ ಹಿಡಿದಳು. ಅವಳ ಮುಖ ನೋಡಿ ಅವನು ಬೆಲ್ಟ್ ಬಿಚ್ಚಲು ಮುಂದಾದ.

ಡಬ್ಬಿ ಬಿಚ್ಚಿದಾಗ ಅಬ್ಬಾ ನಗುತ್ತಿದ್ದ. "ಬುಕ್ಕಿನಾಗೆ ಬರೆದಿದ್ದು ಖರೇನೇ ಬೇಟಾ. ಈಗ ನೀ ನೋಡು."

"ಬ್ಯಾಡಬ್ಬಾ. ನಾ ಟಿವಿಯಾಗೇ ನೋಡ್ದೆ."

ಬಸ್ ಸ್ಟ್ಯಾಂಡಿಗೆ ನಡೆಯುವಾಗ ಅವಳಿಗೆ ಒಂದೊಂದೇ ನೆನಪಾಯಿತು. ಎಲ್ಲಿಗೆ ಹೋದರೂ ಅಬ್ಬಾ ಬೋರ್ಡ್ ಓದಿಸುತ್ತಿದ್ದ. "ನೋಡಾಣ, ಓದು ಎಷ್ಟು ಬರ್ತೈತೆ?" ಎನ್ನುತ್ತಿದ್ದ. ಪರೀಕ್ಷೆ ಮಾಡುತ್ತಾನೆ ಎಂದುಕೊಂಡು ಅವಳು ಗಟ್ಟಿಯಾಗಿ ಓದುತ್ತಿದ್ದಳು.

ಬಸ್ಸೊಂದು ಬಂದು ನಿಂತಿತು. ಅಬ್ಬಾ ಕೇಳುವ ಮೊದಲೇ ನುಜತ್ ಮೆಲ್ಲಗೆ ಹೇಳಿದಳು:

"ದಾವಣಗೆರೆ ಬಸ್ಸಬ್ಬಾ. ಬಾಗ್ಲು ನಿನ್ನ ಎಡಕ್ಕೈತೆ. ಮೆಟ್ಲು ಎತ್ತರ ಐತೆ, ಕಾಲು ಇನ್ನೂ ಮೇಲೆತ್ತು."

ಅಬ್ಬಾನ ನಗು ನಿಂತಿತು. ಆಮೇಲೆ ಅವಳ ಹೆಗಲು ಹಿಡಿದು ಕಾಲೆತ್ತಿದ.